ಕೆಸರು ದಾಟಿ ಬಂದ ಗಾಡಿಯ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ?

ವಾಹನ ಸಲಹೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಗಾರು ಹಿಡಿಯಿತೆಂದರೆ ಮಲೆನಾಡಿನ ತೋಟದ ದಾರಿಗಳಿಂದಲೂ ನೀರಾವರಿ ಗದ್ದೆಗಳ ಕಡೆಯಿಂದಲೂ ಬರುವ ಪತ್ರಗಳಲ್ಲಿ ಒಂದೇ ದೂರು: ಕೆಸರಿನಲ್ಲಿ ಓಡಿದ ಗಾಡಿ ಮಾರನೆಯ ದಿನ ಸೆಲ್ಫ್ ಎತ್ತುವುದಿಲ್ಲ. ಇದಕ್ಕೆ ಹೆಚ್ಚಿನ ಕಡೆ ಸಿಗುವ ಮದ್ದು ಹೊಸ ಬ್ಯಾಟರಿ, ಇಲ್ಲವೇ ಹೊಸ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ). ಎರಡೂ ದುಬಾರಿ. ಅದಕ್ಕೆ ಮೊದಲು ವೋಲ್ಟ್, ಓಮ್, ಆಂಪಿಯರ್ ಅಳೆಯುವ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ನೋಡಬೇಕಾದದ್ದು ಏನೇನು ಎಂಬುದೇ ಈ ಸಲದ ಉತ್ತರಗಳ ತಿರುಳು.

ಪ್ರಶ್ನೆ: ತೋಟದೊಳಗೆ ಓಡಿಸುವ ನಮ್ಮ ಡೀಸೆಲ್ ಜೀಪ್ ಕಳೆದ ವಾರ ಬಂಪರ್ ಮಟ್ಟದ ಕೆಸರುಗುಂಡಿ ದಾಟಿತು. ಅವತ್ತಿನಿಂದ ಮೀಟರ್ ಬೋರ್ಡಿನ ಬ್ಯಾಟರಿ ಲೈಟ್ ಮಂಕಾಗಿ ಉರಿಯುತ್ತಲೇ ಇದೆ, ಪೂರ್ತಿ ಆರುವುದಿಲ್ಲ. ಎರಡು ದಿನ ಬಿಟ್ಟು ಸ್ಟಾರ್ಟೇ ಆಗಲಿಲ್ಲ. ಆಲ್ಟರ್ನೇಟರ್ ಹೋಗಿದೆ, ಬದಲಾಯಿಸಿ ಎನ್ನುತ್ತಾರೆ ಮೆಕ್ಯಾನಿಕ್. ಬೇರೆ ದಾರಿ ಇಲ್ಲವೇ? (ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು)

ಉತ್ತರ: ಇದೆ. ಮಂಕಾಗಿ ಉರಿಯುವ ಲೈಟ್ ಒಳ್ಳೆಯ ಸುಳಿವು ಕೊಡುತ್ತಿದೆ. ನಿಮ್ಮ ಜೀಪಿನಂಥ ಹಳೆಯ ವ್ಯವಸ್ಥೆಯಲ್ಲಿ ಆ ಬಲ್ಬಿನ ಒಂದು ತುದಿಗೆ ಬ್ಯಾಟರಿಯ ಕರೆಂಟು, ಇನ್ನೊಂದು ತುದಿಗೆ ಆಲ್ಟರ್ನೇಟರಿನ ಕರೆಂಟು ಬರುತ್ತದೆ. ಎರಡೂ ಕಡೆ ವೋಲ್ಟೇಜ್ ಸಮವಾದಾಗ ಬಲ್ಬ್ ಆರುತ್ತದೆ. ಮಂಕಾಗಿ ಉರಿಯುತ್ತಿದೆ ಎಂದರೆ ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಉಳಿದಿದೆ. ಕಾರಣ ಆಲ್ಟರ್ನೇಟರಿನ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಬಹುದು, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ದಪ್ಪ ವೈರಿನ ಜೋಡಣೆಯಲ್ಲಿ ಕೆಸರು ಕೂತಿರಲೂಬಹುದು. ಎರಡನೆಯದಾದರೆ ಒಂದು ಸ್ಪ್ಯಾನರ್, ಒಂದು ತುಂಡು ಎಮರಿ ಪೇಪರಿನಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೇ ಕೆಳಗಿನ ಕ್ರಮವನ್ನು ತಪ್ಪಿಸಬೇಡಿ.

ಮೊದಲು ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್. ಎಂಜಿನ್ ನಿಲ್ಲಿಸಿ, ಕೀ ತೆಗೆದಿಟ್ಟು, ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ವಿ-ಬೆಲ್ಟ್ ಆದರೆ 10ರಿಂದ 12 ಮಿ.ಮೀ. ಬಗ್ಗಬೇಕು. ಅದಕ್ಕಿಂತ ಹೆಚ್ಚು ಬಗ್ಗಿದರೆ ಒದ್ದೆಯಲ್ಲಿ ಜಾರುತ್ತದೆ. ಪುಲ್ಲಿಯ ತೋಡಿನಲ್ಲಿ ಜೇಡಿಮಣ್ಣು ಕೂತಿದ್ದರೆ ಸೋಪಿನ ನೀರು ಮತ್ತು ಹಳೆ ಟೂತ್‌ಬ್ರಶ್‌ನಿಂದ ತೊಳೆಯಿರಿ. ಬೆಲ್ಟಿಗೆ ಡೀಸೆಲ್, ಗ್ರೀಸ್, ಮೇಣ ಏನನ್ನೂ ಹಚ್ಚಬೇಡಿ. ಬೆಲ್ಟಿನ ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಹೊಸದೇ ಬೇಕು. ಹೊಸ ಬೆಲ್ಟ್ ಹಾಕಿದ ಮೇಲೆ ಹತ್ತು ಹದಿನೈದು ನಿಮಿಷ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ, ಅದು ಹಿಗ್ಗಿರುತ್ತದೆ.

ಆಮೇಲೆ ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೊರಗಿನ ಚಾರ್ಜರಿನಿಂದ ತುಂಬಿಸಿ, ಆಮೇಲೆ ಮುಂದಿನ ಪರೀಕ್ಷೆ ಮಾಡಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರ್ ಪರೀಕ್ಷಿಸಿದರೆ ಅಳತೆ ದಾರಿ ತಪ್ಪಿಸುತ್ತದೆ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿ: ಬ್ಯಾಟರಿ ಲೈಟ್ ಚೆನ್ನಾಗಿ ಉರಿಯಬೇಕು. ಈ ಬಲ್ಬಿನ ಮೂಲಕವೇ ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರಿಗೆ ಮೊದಲ ಕರೆಂಟು ಹೋಗುವುದು. ಬಲ್ಬ್ ಸುಟ್ಟಿದ್ದರೆ ಅಥವಾ ಆಲ್ಟರ್ನೇಟರಿನ ಸಣ್ಣ ವೈರಿನ ಕನೆಕ್ಟರ್‌ನಲ್ಲಿ ಕೆಸರು ತುಂಬಿದ್ದರೆ ಆಲ್ಟರ್ನೇಟರ್ ಸರಿ ಇದ್ದೂ ಚಾರ್ಜ್ ಆಗದೆ ಹೋಗಬಹುದು.

ಈಗ ಸ್ಟಾರ್ಟ್ ಮಾಡಿ, ಎಂಜಿನ್ ವೇಗವನ್ನು 2,000 ಆರ್‌ಪಿಎಂ ಹತ್ತಿರ ಹಿಡಿದು, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ. ಬ್ಯಾಟರಿಯ ಎರಡು ಕಂಬಗಳ ನಡುವೆ 13.8ರಿಂದ 14.5 ವೋಲ್ಟ್ ಸಿಗಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. 13.3ಕ್ಕಿಂತ ಕಡಿಮೆ ಬಂದರೆ ಎರಡು ಅಳತೆಗಳನ್ನು ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇವೇ ಮುಖ್ಯ, ಆದರೆ ಇವನ್ನೇ ಬಹುತೇಕ ವರ್ಕ್‌ಶಾಪ್‌ಗಳಲ್ಲಿ ಬಿಟ್ಟುಬಿಡುತ್ತಾರೆ.

ಒಂದು: ಎಂಜಿನ್ ಓಡುತ್ತಿರುವಾಗಲೇ, ಹೆಡ್‌ಲೈಟ್ ಹಾಕಿಯೇ, ಮೀಟರಿನ ಕೆಂಪು ಮೊನೆಯನ್ನು ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬಿ-ಪ್ಲಸ್ ಬೋಲ್ಟಿಗೆ, ಕಪ್ಪು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ಹಿಡಿಯಿರಿ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. 0.3 ವೋಲ್ಟ್ ಒಳಗಿರಬೇಕು. ಎರಡು: ಆಲ್ಟರ್ನೇಟರಿನ ಬಾಡಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಅಳೆಯಿರಿ. 0.2 ಒಳಗಿರಬೇಕು. ಕೆಸರು ಹೊಕ್ಕ ಜೋಡಣೆಯಲ್ಲಿ ಬರೀ 0.03 ಓಮ್ ಅಡ್ಡಿ ಇದ್ದರೂ 40 ಆಂಪಿಯರ್ ಹರಿಯುವಾಗ 1.2 ವೋಲ್ಟ್ ಅಲ್ಲೇ ನಷ್ಟ. ಆಲ್ಟರ್ನೇಟರಿನ ಬಳಿ 14.2 ಇದ್ದದ್ದು ಬ್ಯಾಟರಿಗೆ 13.0 ಆಗಿ ತಲುಪುತ್ತದೆ. ಅಲ್ಲಿಗೆ ಹೊಸ ಆಲ್ಟರ್ನೇಟರ್ ಹಾಕಿದರೂ ಅದೇ 13.0!

ಅಳತೆ ಹೆಚ್ಚು ಬಂದರೆ ಎಂಜಿನ್ ನಿಲ್ಲಿಸಿ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಯಲೇಬೇಕು. ಬಿ-ಪ್ಲಸ್ ಬೋಲ್ಟಿನಲ್ಲಿ ಕೀ ಆಫ್ ಇದ್ದರೂ ಕರೆಂಟು ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಲಗ್ (ವೈರಿನ ತುದಿಯ ಲೋಹದ ಬಳೆ), ಬೋಲ್ಟ್, ವಾಷರ್ ಮೂರನ್ನೂ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ಹೀಗೇ ಮಾಡಿ. ಕೆಳಗಡೆ ಇರುವುದರಿಂದ ಮೊದಲು ತುಕ್ಕು ಹಿಡಿಯುವುದು ಅದೇ. ಎಳೆಗಳು ಹಸಿರು ಕಟ್ಟಿ ಉದುರುತ್ತಿದ್ದರೆ ಬದಲಿಸಿ.

ಎರಡೂ ಕಡೆ ಅಳತೆ ಸರಿ ಇದ್ದು ಲೈಟ್ ಆಗಲೂ ಉರಿಯುತ್ತಿದ್ದರೆ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟಿಗೆ ತಿರುಗಿಸಿ ಬ್ಯಾಟರಿ ಕಂಬಗಳ ಮೇಲೆ ನೋಡಿ. 0.5ಕ್ಕಿಂತ ಹೆಚ್ಚು ತೋರಿಸಿದರೆ ಡಯೋಡ್ ಪ್ಲೇಟ್ ಹೋಗಿದೆ. ಕೆಸರು ಒಣಗಿ ಗಾಳಿಕಿಂಡಿ ಮುಚ್ಚಿದಾಗ ಡಯೋಡ್‌ಗಳು ಕಾದು ಸಾಯುತ್ತವೆ. ಈಗ ಮಾತ್ರ ಆಲ್ಟರ್ನೇಟರ್ ಇಳಿಸುವ ಮಾತು.

ಇಳಿಸಿದ ಮೇಲೂ ಪೂರ್ತಿ ಹೊಸದು ಬೇಕಿಲ್ಲ. ತಿರುಗುವ ರೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್‌ಗಳು ಹೋಲ್ಡರಿನಿಂದ ಕನಿಷ್ಠ 5 ಮಿ.ಮೀ. ಹೊರಚಾಚಿರಬೇಕು, ಬೆರಳಲ್ಲಿ ಒತ್ತಿ ಬಿಟ್ಟರೆ ಸ್ಪ್ರಿಂಗ್ ಬಲಕ್ಕೆ ಸರಾಗ ಹಿಂದೆ ಬರಬೇಕು. ಮಣ್ಣು ಸೇರಿದರೆ ಸಿಕ್ಕಿಕೊಳ್ಳುತ್ತವೆ. ಬ್ರಶ್ ಒರಗಿ ಕೂರುವ ಸ್ಲಿಪ್ ರಿಂಗ್ ಕಪ್ಪಾಗಿದ್ದರೆ 400 ನಂಬರ್ ಪೇಪರಿನಿಂದ ಸುತ್ತಲೂ ಸಮನಾಗಿ ಉಜ್ಜಿ. ಎರಡು ರಿಂಗ್‌ಗಳ ನಡುವೆ ಸುಮಾರು 2ರಿಂದ 5 ಓಮ್ ಬರಬೇಕು, ರಿಂಗಿಗೂ ಶಾಫ್ಟಿಗೂ ಸಂಪರ್ಕ ಇರಬಾರದು. ಕೈಯಲ್ಲಿ ತಿರುಗಿಸಿದಾಗ ಬೇರಿಂಗ್ ಕರಕರ ಎಂದರೆ ಎರಡೂ ತುದಿಯ ಬೇರಿಂಗ್ ಬದಲಾಯಿಸಿ. ನಂಬರಿನ ಕೊನೆಗೆ 2ಆರ್‌ಎಸ್ ಇರುವ, ಎರಡೂ ಬದಿ ರಬ್ಬರ್ ಸೀಲಿನ ಬೇರಿಂಗ್ ಕೇಳಿ ತೆಗೆದುಕೊಳ್ಳಿ. ತಗಡಿನ ಮುಚ್ಚಳದ ಝಡ್‌ಝಡ್ ಬೇರಿಂಗ್ ಕೆಸರುನೀರನ್ನು ತಡೆಯುವುದಿಲ್ಲ.

ಪ್ರಶ್ನೆ: ಡೀಸೆಲ್ ಪಿಕಪ್. ಕೆಸರಿನಲ್ಲಿ ಸಿಕ್ಕಿ ಎಳೆಸಿಕೊಂಡು ಬಂದ ಮೇಲೆ ಬ್ಯಾಟರಿ ಲೈಟ್ ಬಂತು, ಜೊತೆಗೇ ಬ್ರೇಕ್ ಪೆಡಲ್ ಕಲ್ಲಾಯಿತು. ಎರಡಕ್ಕೂ ಏನು ಸಂಬಂಧ? (ಬಾಡಿಗೆ ವಾಹನ ಓಡಿಸುವವರು, ಕೊಪ್ಪ)

ಉತ್ತರ: ನೇರ ಸಂಬಂಧವಿದೆ. ಗಾಡಿಯನ್ನು ಈಗಲೇ ನಿಲ್ಲಿಸಿ, ಘಾಟಿ ಇಳಿಸಬೇಡಿ. ನಮ್ಮಲ್ಲಿ ಓಡುವ ಅನೇಕ ಡೀಸೆಲ್ ಗಾಡಿಗಳಲ್ಲಿ ಪೆಡಲ್ ಒತ್ತಲು ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ, ಗಾಳಿ ಹೀರುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂಬದಿಗೇ, ಅದೇ ಶಾಫ್ಟಿನ ಮೇಲೆ ಕೂತಿರುತ್ತದೆ. ಬೆಲ್ಟ್ ಹರಿದರೆ ಅಥವಾ ಪೂರ್ತಿ ಜಾರಿದರೆ ಚಾರ್ಜಿಂಗ್ ಮತ್ತು ಬ್ರೇಕಿನ ಸಹಾಯ ಎರಡೂ ಒಟ್ಟಿಗೆ ಹೋಗುತ್ತವೆ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಸ್ವಲ್ಪ ದೂರದಲ್ಲೇ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಬೆಲ್ಟ್ ಸರಿ ಇದ್ದೂ ಹೀಗಾದರೆ ಆಲ್ಟರ್ನೇಟರಿನ ಹಿಂದೆ ಎಣ್ಣೆ ಜಿನುಗಿದೆಯೇ ನೋಡಿ. ಈ ಪಂಪಿಗೆ ಎಂಜಿನ್ ಆಯಿಲ್ ಒಂದು ಸಣ್ಣ ಪೈಪಿನಲ್ಲಿ ಬಂದು, ಇನ್ನೊಂದು ದಪ್ಪ ರಬ್ಬರ್ ಹೋಸಿನಲ್ಲಿ ವಾಪಸ್ ಹೋಗುತ್ತದೆ. ವಾಪಸಿನ ಹೋಸ್ ಒಳಗೆ ಕಟ್ಟಿಕೊಂಡರೆ ಅಥವಾ ಮಡಚಿಕೊಂಡರೆ ಎಣ್ಣೆ ಸೀಲ್ ದಾಟಿ ಕಾರ್ಬನ್ ಬ್ರಶ್ ಮೇಲೆ ಬೀಳುತ್ತದೆ. ಮೇಲೆ ಕೆಸರಿನ ಧೂಳು ಸೇರಿದರೆ ಕಪ್ಪು ಲೇಪವಾಗಿ ಬ್ರಶ್ ಕೂರುವುದೇ ಇಲ್ಲ. ಬರೀ ಬ್ರಶ್ ಬದಲಿಸಿ ಕಳಿಸಿದರೆ ಅದೇ ದೂರು ಮತ್ತೆ ಬರುತ್ತದೆ. ಪಂಪಿನ ಸೀಲ್, ಹೋಸ್, ಎಣ್ಣೆ ಪೈಪಿನ ತಾಮ್ರದ ವಾಷರ್‌ಗಳು ಇವೆಲ್ಲ ಒಟ್ಟಿಗೇ ಹೊಸದಾಗಬೇಕು. ಜೋಡಿಸುವ ಮುನ್ನ ಪಂಪಿನೊಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿಸಿ, ಮೊದಲ ಕ್ಷಣಗಳಲ್ಲಿ ಒಣಗಿ ತಿರುಗಬಾರದು. ಆಮೇಲೆ ಬ್ರೇಕ್ ನೋಡುವ ಕ್ರಮ: ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.

ಪ್ರಶ್ನೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು ನೋಡಿ, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ ಎಂದು ನಮ್ಮೂರಿನ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಸರಿಯೇ? (ಶಿವಮೊಗ್ಗ)

ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ಹಳೆಯ ಡೈನಮೊ ಕಾಲದಿಂದ ಉಳಿದುಬಂದ ಅಭ್ಯಾಸ ಅದು. ಬ್ಯಾಟರಿ ದಿಢೀರನೆ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಮಾತ್ರ ಹತ್ತಾರು ವೋಲ್ಟ್ ಮೇಲೇರುತ್ತದೆ. ಅಷ್ಟರಲ್ಲೇ ಡಯೋಡ್, ರೆಗ್ಯುಲೇಟರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ಡೀಸೆಲ್ ಎಂಜಿನ್ ಮೆಕ್ಯಾನಿಕಲ್ ಪಂಪಿನದ್ದಾದರೆ ಆಲ್ಟರ್ನೇಟರ್ ಕೆಟ್ಟಿದ್ದರೂ ಓಡುತ್ತಲೇ ಇರುತ್ತದೆ, ಹಾಗಾಗಿ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಕೆಸರಿನ ಕುಲುಕಾಟಕ್ಕೆ ಸಡಿಲವಾದ ಬ್ಯಾಟರಿ ಕ್ಲಾಂಪ್ ಕೂಡ ಇದೇ ಹಾನಿ ಮಾಡುತ್ತದೆ. ಕೈಯಲ್ಲಿ ತಿರುಗಿಸಿದರೆ ಕ್ಲಾಂಪ್ ಅಲುಗಬಾರದು.

ಪ್ರಶ್ನೆ: ಕೆಸರಾದ ಗಾಡಿಯನ್ನು ವಾಟರ್ ಸರ್ವಿಸಿಗೆ ಕೊಟ್ಟು ಬಂದ ದಿನವೇ ಚಾರ್ಜಿಂಗ್ ನಿಂತಿತು. ತೊಳೆಯದೆ ಬಿಟ್ಟರೂ ಕಷ್ಟ, ತೊಳೆದರೂ ಕಷ್ಟ. ಸರಿಯಾದ ವಿಧಾನ ತಿಳಿಸಿ. (ಮೂಡಿಗೆರೆ)

ಉತ್ತರ: ತೊಳೆಯಲೇಬೇಕು, ಅದೂ ಮಣ್ಣು ಹಸಿಯಾಗಿರುವಾಗಲೇ. ಕೆಸರು ಆಲ್ಟರ್ನೇಟರಿಗೆ ಎರಡು ಕಂತಿನಲ್ಲಿ ಹಾನಿ ಮಾಡುತ್ತದೆ. ಮೊದಲನೆಯದು ಅದೇ ದಿನ: ಬೆಲ್ಟ್ ಜಾರುವುದು, ಬ್ರಶ್ ಒದ್ದೆಯಾಗುವುದು. ಎರಡನೆಯದು ವಾರಗಳ ನಂತರ: ಒಣಗಿದ ಮಣ್ಣು ಸ್ಲಿಪ್ ರಿಂಗನ್ನು ಸವೆಸುತ್ತದೆ, ಗಾಳಿಕಿಂಡಿ ಮುಚ್ಚಿ ಶಾಖ ಹೆಚ್ಚಿಸುತ್ತದೆ, ಬೇರಿಂಗ್ ತಿನ್ನುತ್ತದೆ. ಎರಡನೆಯದೇ ದುಬಾರಿ, ಅದನ್ನು ತಪ್ಪಿಸುವುದು ತೊಳೆಯುವ ಕೆಲಸದಿಂದ.

ಆದರೆ ಬಿಸಿ ಎಂಜಿನ್ ಮೇಲೆ ನೀರು ಹೊಡೆಸಬೇಡಿ. ಕೈ ಇಟ್ಟರೆ ಸುಡದಷ್ಟು ತಣ್ಣಗಾಗಲಿ. ಎಂಜಿನ್ ಆಫ್ ಇರಲಿ, ಬ್ಯಾಟರಿ ಮೈನಸ್ ತೆಗೆದಿರಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಆಲ್ಟರ್ನೇಟರ್ ಕಡೆಗೆ ತಿರುಗಲೇಬಾರದು, ಅದು ಬೇರಿಂಗಿನ ಸೀಲ್ ದಾಟಿಸಿ ಮಣ್ಣನ್ನು ಒಳಕ್ಕೆ ಕೂರಿಸುತ್ತದೆ. ತೋಟಕ್ಕೆ ನೀರು ಬಿಡುವ ಸಾದಾ ಹೋಸ್ ಸಾಕು. ಕಿಂಡಿಗಳ ಮೂಲಕ ನಿಧಾನವಾಗಿ, ಕೆಳಗಿನಿಂದ ತಿಳಿನೀರು ಇಳಿಯುವವರೆಗೆ ಹರಿಯಲು ಬಿಡಿ. ನಡುನಡುವೆ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಲು ಆದರೆ ಇನ್ನೂ ಒಳ್ಳೆಯದು. ಆಮೇಲೆ ಕಂಪ್ರೆಸರ್ ಗಾಳಿ, 30 ಪಿಎಸ್‌ಐ ಮೀರದಂತೆ. ಒಂದೆರಡು ಗಂಟೆ ಬಾನೆಟ್ ತೆರೆದಿಟ್ಟು, ನಂತರ ಮೈನಸ್ ಜೋಡಿಸಿ ಹದಿನೈದು ನಿಮಿಷ ಎಂಜಿನ್ ಓಡಿಸಿದರೆ ಉಳಿದ ತೇವ ಶಾಖಕ್ಕೆ ಆರುತ್ತದೆ. ಎಷ್ಟೋ ಗಾಡಿಗಳಲ್ಲಿ ತೊಳೆದ ದಿನ ನಿಂತ ಚಾರ್ಜಿಂಗ್ ಹೀಗೆ ಒಣಗಿಸಿದ ಮೇಲೆ ತಾನೇ ಸರಿಯಾಗುತ್ತದೆ. ನಿಮ್ಮ ಗಾಡಿಗೂ ಮೊದಲು ಇದನ್ನೇ ಮಾಡಿ ನೋಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತೊಳೆದ ಮೇಲೆ ಹೊಳಪಿಗೆಂದು, ತುಕ್ಕು ಬಾರದಿರಲೆಂದು ಡೀಸೆಲ್ ಅಥವಾ ಹಳೆ ಆಯಿಲ್ ಸ್ಪ್ರೇ ಮಾಡುವ ರೂಢಿ ಇದೆ. ಎಂಜಿನ್ ಭಾಗಕ್ಕೆ ಅದನ್ನು ಮಾಡಲು ಬಿಡಬೇಡಿ. ಬೆಲ್ಟಿನ ರಬ್ಬರ್ ಉಬ್ಬುತ್ತದೆ, ಬ್ರಶ್ ಎಣ್ಣೆ ಹೀರುತ್ತದೆ, ಮುಂದಿನ ಧೂಳೆಲ್ಲ ಅಲ್ಲೇ ಅಂಟುತ್ತದೆ. ಆಲ್ಟರ್ನೇಟರ್ ಒಳಗೆ ಏನಾದರೂ ಸ್ಪ್ರೇ ಮಾಡಲೇಬೇಕಾದರೆ ಎಣ್ಣೆಯ ಅಂಶ ಉಳಿಸದ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ, ಅದೂ ತಣ್ಣಗಿರುವಾಗ. ಅದು ಆವಿಯಾಗಿ ಹೋಗುವವರೆಗೆ ಸ್ಟಾರ್ಟ್ ಮಾಡಬಾರದು, ಬೆಂಕಿ ಹಿಡಿಯುವ ವಸ್ತು ಅದು.

ಪ್ರಶ್ನೆ: ಕೇಜ್ ವೀಲ್ (ಕೆಸರಿನಲ್ಲಿ ಹೂತುಹೋಗದಂತೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಗದ್ದೆ ಹದ ಮಾಡುವ ಟ್ರ್ಯಾಕ್ಟರ್. ಹಂಗಾಮಿನಲ್ಲಿ ದಿನವೂ ಓಡಿದರೂ ಬೆಳಗ್ಗೆ ಬ್ಯಾಟರಿ ಸೋತಿರುತ್ತದೆ. ಆಲ್ಟರ್ನೇಟರ್ 14.1 ವೋಲ್ಟ್ ಕೊಡುತ್ತಿದೆ. (ಭತ್ತದ ಬೆಳೆಗಾರರು, ಗಂಗಾವತಿ)

ಉತ್ತರ: 14.1 ಬರುತ್ತಿದ್ದರೆ ಚಾರ್ಜಿಂಗ್ ಸರಿ ಇದೆ, ರಾತ್ರಿ ಎಲ್ಲೋ ಸೋರುತ್ತಿದೆ. ನಿಮ್ಮ ಕಡೆಯ ಕಪ್ಪುಮಣ್ಣಿನ ಕೆಸರು ಬ್ಯಾಟರಿಯ ಮೇಲ್ಮೈಯಲ್ಲಿ ಆ್ಯಸಿಡ್ ತೇವದ ಜೊತೆ ಸೇರಿ ಪ್ಲಸ್ಸಿನಿಂದ ಮೈನಸ್ಸಿಗೆ ದಾರಿ ಮಾಡಿಕೊಡುತ್ತದೆ. ಪರೀಕ್ಷೆ ಸುಲಭ: ಮೀಟರಿನ ಕಪ್ಪು ಮೊನೆ ಮೈನಸ್ ಕಂಬಕ್ಕಿಟ್ಟು ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೇಲ್ಮೈಯಲ್ಲಿ ಎಳೆಯಿರಿ. ವೋಲ್ಟ್ ತೋರಿಸಿದರೆ ಸೋರಿಕೆ ಅಲ್ಲೇ. ಮುಚ್ಚಳಗಳು ಬಿಗಿಯಾಗಿವೆಯೇ ನೋಡಿಕೊಂಡು, ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಅಡುಗೆ ಸೋಡಾ ಕದಡಿ ಬ್ರಶ್ಶಿನಿಂದ ಉಜ್ಜಿ. ನೊರೆ ನಿಂತ ಮೇಲೆ ತಿಳಿನೀರಿನಲ್ಲಿ ತೊಳೆದು ಒರೆಸಿ. ಸೋಡಾ ನೀರಿನ ಒಂದು ಹನಿಯೂ ಸೆಲ್ ಒಳಗೆ ಹೋಗಬಾರದು. ಬಳಿಕ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪ್ಲೇಟ್ ಮುಳುಗಿ ಮೇಲೆ 10 ಮಿ.ಮೀ. ಇರಬೇಕು. ಬೋರ್‌ವೆಲ್ ನೀರು ಹಾಕಬೇಡಿ.

ಆಮೇಲೂ ಸೋತರೆ ಎಲ್ಲ ಆಫ್ ಮಾಡಿ, ಮೈನಸ್ ವೈರ್ ತೆಗೆದು, ವೈರಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಸೇರಿಸಿ ನೋಡಿ. ಸಾದಾ ಟ್ರ್ಯಾಕ್ಟರಿನಲ್ಲಿ ಸೊನ್ನೆಯ ಹತ್ತಿರ ಇರಬೇಕು. ಹೆಚ್ಚು ತೋರಿಸಿದರೆ ಫ್ಯೂಸ್ ಒಂದೊಂದೇ ತೆಗೆಯುತ್ತಾ ಬನ್ನಿ. ಫ್ಯೂಸ್ ಎಲ್ಲ ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ. ಸೋರುವ ಡಯೋಡ್ 14.1 ಕೊಡುತ್ತಲೇ ರಾತ್ರಿ ಬ್ಯಾಟರಿ ಖಾಲಿ ಮಾಡಬಲ್ಲದು. ಮೀಟರ್ ಜೋಡಿಸಿದಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಪ್ರಶ್ನೆ: ವಿಂಚ್ (ಹಗ್ಗ ಸುತ್ತಿ ಎಳೆಯುವ ಮೋಟಾರು) ಬಳಸಿ ಗಾಡಿ ಎತ್ತಿದ ದಿನವೆಲ್ಲ ಬ್ಯಾಟರಿ ಇಳಿಯುತ್ತದೆ. ದೊಡ್ಡ ಆಲ್ಟರ್ನೇಟರ್ ಹಾಕಿಸಬೇಕೇ? (ಮಡಿಕೇರಿ)

ಉತ್ತರ: 9,500 ಪೌಂಡಿನ ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರ್ ಹತ್ತಿರ ಎಳೆಯುತ್ತದೆ. ನಿಮ್ಮ ಆಲ್ಟರ್ನೇಟರ್ 90 ಆಂಪಿಯರಿನದ್ದಾದರೆ, ಐಡಲಿಂಗ್‌ನಲ್ಲಿ ಅದರ ಅರ್ಧ ಸಿಕ್ಕೀತು. ಉಳಿದದ್ದೆಲ್ಲ ಬ್ಯಾಟರಿಯಿಂದ: ಒಂದೇ ನಿಮಿಷಕ್ಕೆ ಸುಮಾರು 6 ಆಂಪಿಯರ್-ಅವರ್. ಯಾವ ಆಲ್ಟರ್ನೇಟರೂ ಅದನ್ನು ತುಂಬಿಕೊಡಲಾರದು. ಒಂದು ನಿಮಿಷ ಎಳೆದು ಕೆಲವು ನಿಮಿಷ ಬಿಡುವು ಕೊಡಿ, ಎಂಜಿನ್ 1,500 ಆರ್‌ಪಿಎಂ ಮೇಲಿರಲಿ. ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿ ಹಗ್ಗ ಮಡಚಿ ಎಳೆದರೆ ವಿಂಚಿನ ಮೇಲಿನ ಭಾರ ಹೆಚ್ಚೂಕಡಿಮೆ ಅರ್ಧವಾಗುತ್ತದೆ, ಕರೆಂಟೂ ಬಹಳ ಇಳಿಯುತ್ತದೆ. ಮನೆಗೆ ಬಂದು 70 ಆಂಪಿಯರ್-ಅವರ್ ಬ್ಯಾಟರಿಗೆ 7 ಆಂಪಿಯರಿನ ಚಾರ್ಜರನ್ನು ರಾತ್ರಿಯಿಡೀ ಇಡಿ. ಹಣ ಹಾಕುವುದಾದರೆ ಆಲ್ಟರ್ನೇಟರಿಗಿಂತ, ಎರಡು ಬ್ಯಾಟರಿಗಳನ್ನು ಬೇರೆಯಾಗಿಡುವ ಐಸೊಲೇಟರ್ ಸಮೇತ ಎರಡನೆಯ ಬ್ಯಾಟರಿಗೆ ಹಾಕಿ.

ಪ್ರಶ್ನೆ: ಮಣ್ಣಿನ ಟ್ರೇಲ್‌ಗಳಲ್ಲಿ ಓಡಿಸಿದ ಬೈಕ್ ಈಗ 12.3 ವೋಲ್ಟ್ ದಾಟುತ್ತಿಲ್ಲ, ಎಷ್ಟು ರೇಸ್ ಕೊಟ್ಟರೂ ಅಷ್ಟೇ. (ವಿದ್ಯಾರ್ಥಿ, ಹಾಸನ)

ಉತ್ತರ: ಬೈಕಿನಲ್ಲಿ ಬ್ರಶ್ ಇಲ್ಲ, ಬೆಲ್ಟ್ ಇಲ್ಲ. ಮ್ಯಾಗ್ನೆಟ್ ಕಾಯಿಲ್, ಅದರ ಮೂರು ವೈರ್, ಕಾಯಿಲ್ಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಬದಲಿಸುವ ರೆಕ್ಟಿಫೈಯರ್-ರೆಗ್ಯುಲೇಟರ್ ಅಂದರೆ ಆರ್‌ಆರ್ ಯೂನಿಟ್, ಇಷ್ಟೇ. ಆರ್‌ಆರ್ ಯೂನಿಟ್ಟಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಸರು ಒಣಗಿದರೆ ಶಾಖ ಹೊರಹೋಗದೆ ಅದು ಸುಡುತ್ತದೆ. ಮೊದಲು ಅದರ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಕಂದುಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್ ಕರಗಿದ್ದರೆ ತಪ್ಪು ಸಿಕ್ಕಿತು, ಕನೆಕ್ಟರ್ ಬದಲಿಸಿ. ಸರಿ ಇದ್ದರೆ ಕಾಯಿಲ್ ಕಡೆಯ ಮೂರು ವೈರುಗಳನ್ನು ಎರಡೆರಡಾಗಿ ಓಮ್‌ನಲ್ಲಿ ಅಳೆಯಿರಿ. ಮೂರು ಜೋಡಿಯಲ್ಲೂ ಸಮ ಬರಬೇಕು, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ. ಮೀಟರಿನ ಎರಡು ಮೊನೆ ತಾಗಿಸಿದಾಗ ಬರುವ ಅಂಕಿಯನ್ನು ಕಳೆದು ಲೆಕ್ಕ ಹಾಕಿ. ಯಾವ ವೈರಿಗೂ ಬಾಡಿಗೂ ಸಂಪರ್ಕ ಇರಬಾರದು. ಹಾಗೆಯೇ ಬಿಚ್ಚಿದ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿ ಮೂರು ಜೋಡಿಗಳ ಎಸಿ ವೋಲ್ಟ್ ನೋಡಿ. ರೇಸ್ ಕೊಟ್ಟಂತೆ ಮೂರೂ ಸಮನಾಗಿ ಏರಬೇಕು. ಶಾಕ್ ಹೊಡೆಯುವಷ್ಟು ವೋಲ್ಟೇಜ್ ಅದು, ಬರಿಗೈ ತಾಗಬಾರದು. ಮೂರೂ ಸಮ ಇದ್ದು, ಯೂನಿಟ್ಟಿನಿಂದ ಬ್ಯಾಟರಿಗೆ ಹೋಗುವ ವೈರ್, ಅರ್ಥಿಂಗ್ ಮತ್ತು ಫ್ಯೂಸ್ ಸರಿ ಇದ್ದರೆ ಆರ್‌ಆರ್ ಯೂನಿಟ್ ಬದಲಿಸಿ. ಒಂದು ಜೋಡಿ ಸತ್ತಿದ್ದರೆ ಕಾಯಿಲ್ ಬಿಚ್ಚಬೇಕು.

ಪ್ರಶ್ನೆ: ಹೊಸ ಬಿಎಸ್6 ಎಸ್‌ಯುವಿ. ಕೆಸರಿನ ದಾರಿಯಿಂದ ಬಂದು ಅಳೆದರೆ ಒಮ್ಮೆ 14.6, ಒಮ್ಮೆ 12.8. ಲೈಟ್ ಬಂದಿಲ್ಲ. ತೊಂದರೆಯೇ? (ಬೆಂಗಳೂರು)

ಉತ್ತರ: ಬಹುಶಃ ಅಲ್ಲ. ಇಂಥ ಅನೇಕ ಗಾಡಿಗಳಲ್ಲಿ ಇಂಧನ ಉಳಿಸಲೆಂದು ಇಸಿಯು ತಾನೇ ವೋಲ್ಟೇಜ್ ಏರಿಸಿ ಇಳಿಸುತ್ತದೆ. ಬ್ಯಾಟರಿ ತುಂಬಿದ್ದಾಗ 12.8ಕ್ಕೆ ಇಳಿಯುವುದು ಸಹಜ. ಹೆಡ್‌ಲೈಟ್, ಎಸಿ, ಹಿಂಗಾಜಿನ ಹೀಟರ್ ಹಾಕಿ ಅಳೆದಾಗ 13.5 ದಾಟಿದರೆ ಆಲ್ಟರ್ನೇಟರ್ ಚೆನ್ನಾಗಿದೆ. ನೋಡಬೇಕಾದದ್ದು ಬ್ಯಾಟರಿಯ ಮೈನಸ್ ಕ್ಲಾಂಪಿಗೆ ಅಂಟಿಕೊಂಡಿರುವ ಸಣ್ಣ ಸೆನ್ಸರ್. ಅದರ ಕನೆಕ್ಟರ್‌ನಲ್ಲಿ ಕೆಸರು ಹೊಕ್ಕರೆ ಲೆಕ್ಕವೇ ತಪ್ಪುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮತ್ತೆ ಕೂರಿಸಿ. ಜಂಪ್ ಕೊಡುವಾಗಲೂ ಹೊರಗಿನ ಚಾರ್ಜರ್ ಹಾಕುವಾಗಲೂ ಕಪ್ಪು ಕ್ಲಿಪ್ಪನ್ನು ಮೈನಸ್ ಕಂಬಕ್ಕೆ ಹಾಕದೆ ಎಂಜಿನ್ ಅಥವಾ ಚಾಸಿಯ ಗಟ್ಟಿ ಲೋಹಕ್ಕೆ ಹಾಕಿ. ಆಗ ಕರೆಂಟು ಸೆನ್ಸರ್ ಮೂಲಕವೇ ಹಾದು ಲೆಕ್ಕಕ್ಕೆ ಸಿಗುತ್ತದೆ.